ಮೇ ತಿಂಗಳ ತಾರೀಖು ಮಾರಿದ ಕಥೆ

ಕಳೆದ ತಿಂಗಳು ಒಂದು ಕಾಲೇಜಿನವರು ಫೋನ್ ಮಾಡಿದ್ದರು. 'ಸ್ಟಾರ್ಟಪ್‌ಗಳ ಹೊಸ ಬಗೆಯ ಬಿಸಿನೆಸ್ ಮಾಡೆಲ್ ರೂಪಿಸುವ ಅಂಶಗಳು' ಅಂತ ವಿಷಯ. ಮುಕ್ಕಾಲು ಗಂಟೆ ಮಾತಾಡಬೇಕು, ಸ್ಲೈಡ್ ತರಬೇಕು. ಆಯಿತು ಅಂದೆ. ರಾತ್ರಿ ಲ್ಯಾಪ್‌ಟಾಪ್ ತೆರೆದು ಕೂತು ಮೊದಲನೇ ಸ್ಲೈಡಿನಲ್ಲಿ 'ಮಳೆ' ಅಂತ ಬರೆದೆ. ಎರಡನೆಯದರಲ್ಲಿ 'ಸಾಲ'. ಮೂರನೆಯದರಲ್ಲಿ ಏನು ಬರೆಯುವುದು ಅಂತ ಹೊಳೆಯಲಿಲ್ಲ, ಮುಚ್ಚಿಟ್ಟೆ. ನಡೆದದ್ದನ್ನು ನಡೆದ ಹಾಗೆ ಬರೆಯುವುದೇ ಸುಲಭ ಅನ್ನಿಸಿತು.

ನಾವು ಮಾಡುವ ಕೆಲಸ ಇಷ್ಟೇ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಿನ ಅಡಿಕೆ ತೋಟಗಳಿಗೆ ಮದ್ದು ಬಿಡುವುದು, ಕೊನೆ (ಅಡಿಕೆ ಗೊನೆ) ತೆಗೆಯುವುದು. ಮರ ಹತ್ತಿ ಅಲ್ಲ. ನೆಲದಲ್ಲಿ ನಿಂತು, ಕಾರ್ಬನ್ ಫೈಬರಿನ ಉದ್ದದ ಕೋಲಿನಲ್ಲಿ, ಅಂದರೆ ದೋಟಿಯಲ್ಲಿ.

ಅಡಿಕೆ ಬೆಳೆಯದವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ, ಅದರಲ್ಲಿ ಜಾಸ್ತಿ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ಒದ್ದೆಯಲ್ಲಿ ಎಳೆ ಅಡಿಕೆಗೆ ಕೊಳೆರೋಗ ಬರುತ್ತದೆ. ಕಾಯಿಯ ತೊಟ್ಟಿನ ಹತ್ತಿರ ನೀರು ಹೀರಿದಂಥ ಕಲೆ ಕಾಣಿಸುತ್ತದೆ. ನಾಲ್ಕು ದಿನ ಕಳೆದು ನೋಡಿದರೆ ಹಸಿರು ಕಾಯಿ ಮರದ ಬುಡದಲ್ಲಿ ಚೆಲ್ಲಿರುತ್ತದೆ. ಬಂದ ಮೇಲೆ ಮಾಡುವುದು ಕಡಿಮೆ. ಬರುವ ಮೊದಲು ಮಾಡುವುದು ಒಂದೇ, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಎಷ್ಟೋ ತೋಟಗಳು, ಕೈಬೆರಳಲ್ಲಿ ಎಣಿಸುವಷ್ಟು ಮರ ಹತ್ತುವವರು, ಎಲ್ಲರಿಗೂ ಬೇಕಾದದ್ದು ಮೇ ಕೊನೆಯ ಅದೇ ಎರಡು ವಾರ. ನಮ್ಮ ಕಂಪನಿಯ ಕಷ್ಟವೂ ಲಾಭವೂ ಈ ಒಂದು ಮಾತಿನಿಂದ ಹುಟ್ಟಿದ್ದು. ಆದರೆ ಅದು ನನ್ನ ತಲೆಗೆ ಹೋಗಲು ಮೂರು ವರ್ಷ ಹಿಡಿಯಿತು.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವನು. 2020ರ ಮಾರ್ಚಿನಲ್ಲಿ ಯುಗಾದಿಗೆ ಅಂತ ಸ್ವಲ್ಪ ಮೊದಲೇ ಊರಿಗೆ ಬಂದೆ, ಲಾಕ್‌ಡೌನ್ ಆಯಿತು, ಇಲ್ಲೇ ಉಳಿದೆ. ಆಗ ಕರ್ನಾಟಕದ ಕಡೆಗೆ ಹೋಗುವ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದರು. ನಮ್ಮ ತೋಟಕ್ಕೆ ಪ್ರತಿ ವರ್ಷ ಮದ್ದು ಬಿಡಲು ಬರುತ್ತಿದ್ದವರು ಗಡಿಯ ಆಚೆಯವರು, ಮನೆಯಿಂದ ಆರು ಕಿಲೋಮೀಟರ್ ಅಷ್ಟೇ. ಆ ವರ್ಷ ಮೇಯಲ್ಲಿ ಅವರು ಬರಲಿಲ್ಲ. ಅಪ್ಪ ಇಪ್ಪತ್ತು ಜನರಿಗೆ ಫೋನ್ ಮಾಡಿದರು. ಜೂನ್ ಕಳೆದು ಯಾರೋ ಸಿಕ್ಕಿದರು. ಅಷ್ಟರಲ್ಲಿ ಅರ್ಧ ಫಸಲು ನೆಲದಲ್ಲಿತ್ತು.

ಸಾಫ್ಟ್‌ವೇರ್‌ನವನಿಗೆ ಇಂಥದ್ದು ಕಂಡರೆ ಹೊಳೆಯುವುದು ಒಂದೇ: ಆ್ಯಪ್. ಟ್ಯಾಕ್ಸಿ ಕರೆಯುವ ಹಾಗೆ ಕೆಲಸದವರನ್ನು ಕರೆಯುವುದು. ತೋಟದವನು ಒತ್ತಿದರೆ ಹತ್ತಿರದ ಕೆಲಸದವನಿಗೆ ಸದ್ದು ಕೇಳುತ್ತದೆ, ನಮಗೆ ನಡುವೆ ಕಮಿಷನ್. ಕುಂಬಳೆಯ ಗೆಳೆಯನೊಬ್ಬ ಜೊತೆಯಾದ. ಅವನು ಲೆಕ್ಕಪತ್ರದಲ್ಲಿ ಗಟ್ಟಿ, ಮಲಯಾಳ ಓದಲು ಬರೆಯಲು ಬರುತ್ತದೆ. ನನಗೆ ಬರುವುದಿಲ್ಲ. ಕಾಸರಗೋಡಿನ ಕನ್ನಡಿಗರಿಗೆ ಇದೊಂದು ದೊಡ್ಡ ಬಂಡವಾಳ ಅಂತ ಆಮೇಲೆ ಗೊತ್ತಾಯಿತು. ಪಂಚಾಯತ್‌ನ ಒಂದು ಕಾಗದ ಓದಿಸಲು ನಾನು ಯಾರನ್ನಾದರೂ ಹುಡುಕಬೇಕು, ಅವನು ಅಲ್ಲೇ ನಿಂತು ಉತ್ತರ ಬರೆದು ಕೊಡುತ್ತಾನೆ.

ಆ್ಯಪ್ ಚೆಂದವಾಗಿಯೇ ಆಯಿತು. ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಇತ್ತು. 2021ರ ಏಪ್ರಿಲ್‌ಗೆ 180 ತೋಟದವರು ಸೇರಿದರು. ಕೆಲಸದವರು ಏಳು ಜನ. ಅದರಲ್ಲಿ ಇಬ್ಬರು ನನ್ನ ಮುಖ ನೋಡಿ ಸೇರಿದವರು, ಒಬ್ಬನ ಫೋನು ಒಡೆದಿತ್ತು. ಪೆರ್ಲದ ಹತ್ತಿರ ಒಬ್ಬರು ಹಳೆಯ ಮರ ಹತ್ತುವವರು ಇದ್ದಾರೆ, ನಲವತ್ತು ವರ್ಷದ ಅನುಭವ. ಅವರನ್ನು ಸೇರಿಸಬೇಕು ಅಂತ ಮೂರು ಸಲ ಮನೆಗೆ ಹೋದೆ. ಮೂರನೇ ಸಲ ಅವರು ಮರ ಹತ್ತುವಾಗ ಕಾಲಿಗೆ ಹಾಕುವ ತಳೆಯನ್ನು ಮೊಳೆಗೆ ಸಿಕ್ಕಿಸುತ್ತಾ ಕೇಳಿದರು: "ಅಲ್ಲ ಮಾರಾಯ, ನನಗೆ ಕೆಲಸ ಬೇಕು ಅಂತ ನಿಮಗೆ ಯಾರು ಹೇಳಿದ್ದು? ಮೇ ತಿಂಗಳಲ್ಲಿ ನಾನು ಫೋನು ಆಫ್ ಮಾಡಿ ಇಡುವುದು. ನೀವು ಇನ್ನೊಂದು ಗಂಟೆ ಕಟ್ಟಲಿಕ್ಕೆ ಬಂದದ್ದಾ?"

ಗಂಟೆ ಕಟ್ಟಲಿಕ್ಕೆ ಹೊರಟದ್ದು ಹೌದು. ಜನ ಇಲ್ಲದ ಕಡೆ ಜನ ಹುಡುಕುವ ಆ್ಯಪ್ ಮಾಡಿದ್ದೆವು. ಟ್ಯಾಕ್ಸಿಯವರಿಗೆ ಖಾಲಿ ಸಮಯ ಇರುತ್ತದೆ, ಅದನ್ನು ಆ್ಯಪ್ ತುಂಬಿಸುತ್ತದೆ. ಇಲ್ಲಿ ತುಂಬಿಸಲು ಖಾಲಿ ಎಲ್ಲಿ? ಮತ್ತೆ ನಮ್ಮ ತೋಟಗಳು ಇರುವುದು ಎರಡು ಗುಡ್ಡದ ನಡುವಿನ ಬಯಲಿನಲ್ಲಿ. ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಆ್ಯಪ್ ಬಳಸಿದವರೂ ಕೊನೆಗೆ ವಾಟ್ಸಾಪಿನಲ್ಲಿ ತುಳುವಿನಲ್ಲೋ ಮಲಯಾಳದಲ್ಲೋ ವಾಯ್ಸ್ ಮೆಸೇಜ್ ಹಾಕುತ್ತಿದ್ದರು. ಮೂರು ಭಾಷೆಯ ಬಟನ್‌ಗಳನ್ನು ಯಾರೂ ಮುಟ್ಟಲಿಲ್ಲ.

ಆ ವರ್ಷವೇ ದೋಟಿಯ ಸುದ್ದಿ ಜೋರಾಗಿತ್ತು. ಬಿದಿರಿನ ದೋಟಿ ನಮಗೆ ಹೊಸತಲ್ಲ, ಮಾವಿನಕಾಯಿ ಕೊಯ್ಯಲು ಎಲ್ಲರ ಮನೆಯಲ್ಲೂ ಇರುತ್ತದೆ. ಇದು ಕಾರ್ಬನ್ ಫೈಬರಿನದ್ದು, ಒಂದರೊಳಗೆ ಒಂದು ತೂರುವ ಕೊಳವೆಗಳು, ಎಳೆದು ಕ್ಲಿಪ್ ಹಾಕಿದರೆ ಅರುವತ್ತು ಅಡಿ ಏರುತ್ತದೆ, ತೂಕ ಐದು ಕಿಲೋದ ಒಳಗೆ. ತುದಿಗೆ ಕತ್ತಿ ಕಟ್ಟಿದರೆ ಕೊನೆ ತೆಗೆಯಬಹುದು, ನಳಿಗೆ ಕಟ್ಟಿದರೆ ಮದ್ದು ಬಿಡಬಹುದು. ಕಾಸರಗೋಡಿನ ಕೂಡ್ಲುವಿನಲ್ಲಿ ಸಿಪಿಸಿಆರ್‌ಐ ಇದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾಗಿ 1970ರಲ್ಲಿ ತೋಟದ ಬೆಳೆಗಳ ಕೇಂದ್ರ ಸಂಸ್ಥೆಯಾದದ್ದು. ಅಡಿಕೆಗೆ ಅವರದ್ದೇ ವಿಟ್ಲದ ಕೇಂದ್ರ. ಇಂಥ ಕಡೆಯೆಲ್ಲ ದೋಟಿಯ ಪ್ರದರ್ಶನ, ತರಬೇತಿ ನಡೆಯುತ್ತಿತ್ತು. ನಾನೂ ಒಂದು ತರಬೇತಿಗೆ ಹೋದೆ.

ಮೊದಲ ದಿನ ಅರ್ಧ ಗಂಟೆಯಲ್ಲಿ ಕುತ್ತಿಗೆ ಹೋಯಿತು. ಮೇಲೆ ನೋಡಿಕೊಂಡೇ ಇರಬೇಕು. ದೋಟಿ ನೆಟ್ಟಗೆ ಇದ್ದರೆ ಹಗುರ, ಒಂದು ಗೇಣು ಓರೆಯಾದರೆ ಅದೇ ಐದು ಕಿಲೋ ಐವತ್ತು ಆಗುತ್ತದೆ. ಕಲಿಸುವವರು ಹೇಳಿದ ಒಂದು ಮಾತು ಈಗಲೂ, ಯಾವ ತಂಡಕ್ಕೆ ಯಾವ ತಾರೀಖು ಅಂತ ಬರೆದಿಡುವ ನಮ್ಮ ಆಫೀಸಿನ ಬೋರ್ಡಿನ ಮೇಲ್ಭಾಗದಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದೆ: ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ಲೈನಿನ ಕೆಳಗಿನ ಸಾಲು ಮುಟ್ಟಬಾರದು. ತೋಟದವರು ಬೇಜಾರು ಮಾಡಿಕೊಳ್ಳುತ್ತಾರೆ, 'ಆ ನಾಲ್ಕು ಮರ ಬಿಟ್ಟು ಹೋದ್ರಿ' ಅಂತ. ಬಿಟ್ಟೇ ಹೋಗುವುದು.

2021ರ ಕೊನೆಗೆ ಮೂರು ದೋಟಿ ತಂದೆವು. ಒಂದಕ್ಕೆ ಎಪ್ಪತ್ತು ಸಾವಿರದ ಮೇಲೆ ಬಿತ್ತು. ಹಣ ಅಪ್ಪನದ್ದು. ಆಗ ನಮ್ಮ ಎರಡನೇ ಮಾಡೆಲ್: ಬಾಡಿಗೆ. ಬೈಕಿನವರು ಬೈಕ್ ಕೊಡುವ ಹಾಗೆ ದಿನಕ್ಕೆ ಇಷ್ಟು ಅಂತ ದೋಟಿ ಕೊಡುವುದು. ಕಾಗದದ ಮೇಲೆ ಹದಿನಾಲ್ಕು ತಿಂಗಳಲ್ಲಿ ಹಾಕಿದ ಹಣ ವಾಪಸ್ ಬರಬೇಕಿತ್ತು.

ಬಾಡಿಗೆ ದೋಟಿಯ ಗತಿ ಏನಾಗುತ್ತದೆ ಅಂತ ನೋಡಬೇಕಾದರೆ ಸಂಜೆ ವಾಪಸ್ ಬಂದ ದೋಟಿ ನೋಡಬೇಕು. ಕೊಳವೆಯ ಸಂದಿಯಲ್ಲಿ ಮರಳು. ಒಳಗೆ ತೂರಿಸುವಾಗ ಕರಕರ ಅನ್ನುತ್ತದೆ. ಪ್ರತಿ ಭಾಗವನ್ನು ಒಣಬಟ್ಟೆಯಲ್ಲಿ ಒರೆಸಿ ಒಳಗೆ ಬಿಡಬೇಕು, ಐದು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ. ಎರಡನೇ ತಿಂಗಳಲ್ಲಿ ಒಂದು ದೋಟಿಯನ್ನು ಅಂಗಳದಲ್ಲಿ ಮಲಗಿಸಿದ್ದರು, ಅದರ ಮೇಲೆ ಸ್ಕೂಟರ್ ಹೋಯಿತು. ಕಾರ್ಬನ್ ಬಗ್ಗುವುದಿಲ್ಲ, ಸೀಳುತ್ತದೆ. ಇನ್ನೊಂದು ಮರಕ್ಕೆ ಒರಗಿಸಿ ಊಟಕ್ಕೆ ಹೋದಾಗ ಗಾಳಿಗೆ ಬಿತ್ತು. ಯಾರಿಂದ ಎಷ್ಟು ವಸೂಲು ಮಾಡುವುದು? ಎಲ್ಲರೂ ಪರಿಚಯದವರು. ನಾಳೆ ಮದುವೆಯ ಊಟಕ್ಕೆ ಪಕ್ಕದ ಎಲೆಯಲ್ಲಿ ಕೂರಬೇಕು.

ನಡುವೆ ಡ್ರೋನಿನ ಹುಚ್ಚು ಹಿಡಿಯಿತು. ಕೊಚ್ಚಿಯಲ್ಲಿ ಒಂದು ಸ್ಟಾರ್ಟಪ್ ಕಾರ್ಯಕ್ರಮಕ್ಕೆ ಹೋಗಿದ್ದೆವು. ಅಲ್ಲಿ ಒಬ್ಬರು ಹಣ ಹಾಕುವವರು ನಮ್ಮ ಮಾತು ಮೂರು ನಿಮಿಷ ಕೇಳಿ, "ಕೋಲು ಹಿಡಿದ ಮನುಷ್ಯರನ್ನು ನೂರು ಪಟ್ಟು ಮಾಡಲು ಆಗುವುದಿಲ್ಲ, ಡ್ರೋನ್ ಮಾಡಿ" ಅಂದರು. 2021ರ ಡ್ರೋನ್ ನಿಯಮ ಬಂದು ಹಳೆಯ ಕಾಟ ಕಡಿಮೆಯಾಗಿತ್ತು. ನಾವೂ ಲೆಕ್ಕ ಹಾಕಿದೆವು. ಎರಡು ಕಾರಣಕ್ಕೆ ಬಿಟ್ಟೆವು. ಒಂದು, ಅಡಿಕೆ ಗೊನೆ ಇರುವುದು ಸೋಗೆಯ ಕೊಡೆಯ ಅಡಿಯಲ್ಲಿ. ಮೇಲಿನಿಂದ ಬಿಟ್ಟ ಮದ್ದು ಸೋಗೆಗೆ ಸ್ನಾನ ಮಾಡಿಸುತ್ತದೆ, ಕಾಯಿಗೆ ಬೀಳುವುದು ಸ್ವಲ್ಪ. ದೋಟಿಯ ನಳಿಗೆಯನ್ನು ಗೊನೆಯ ಸುತ್ತ ತಿರುಗಿಸಬಹುದು.

ಎರಡನೆಯದು ಕೊಚ್ಚಿಯವರಿಗೆ ಗೊತ್ತಾಗುವಂಥದ್ದಲ್ಲ. ಎಣ್ಮಕಜೆ ಪಂಚಾಯತಿನ ಒಂದು ಮನೆಯಲ್ಲಿ ಡ್ರೋನಿನ ಮಾತು ತೆಗೆದೆ. ಮನೆಯ ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವರು ಕೈ ನಿಲ್ಲಿಸಿದರು. "ಮೇಲಿನಿಂದ ಬಿಡುವುದು ಮಾತ್ರ ಬೇಡ ಮಗಾ" ಅಂದರು. ಮತ್ತೆ ಅಕ್ಕಿ ಆರಿಸಲು ಶುರು ಮಾಡಿದರು. ಇಲ್ಲಿನ ಗೇರು ತೋಟಗಳಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಿದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿತು. ಆದರೆ ಆ ಹಳ್ಳಿಗಳಲ್ಲಿ ಮಲಗಿದಲ್ಲೇ ಬೆಳೆದ ಮಕ್ಕಳು ಇನ್ನೂ ಇದ್ದಾರೆ. ಬೋರ್ಡೋ ಬೇರೆ, ಎಂಡೋಸಲ್ಫಾನ್ ಬೇರೆ ಅಂತ ನಾನು ವಿವರಿಸಬಹುದಿತ್ತು. ವಿವರಿಸಲಿಲ್ಲ. ಆಕಾಶದಲ್ಲಿ ಸದ್ದು ಮಾಡುತ್ತಾ ಮದ್ದು ಉದುರಿಸುವ ವ್ಯಾಪಾರ ಈ ಊರಿನಲ್ಲಿ ನನಗೆ ಬೇಡ ಅಂತ ಅಂದೇ ತೀರ್ಮಾನ ಮಾಡಿದೆ.

ಕಾಗದಪತ್ರದ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಒಬ್ಬನ ಹೆಸರಿನ ವ್ಯಾಪಾರಕ್ಕೆ ಕೇಂದ್ರ ಸರ್ಕಾರದ ಸ್ಟಾರ್ಟಪ್ ಇಂಡಿಯಾದ ಮಾನ್ಯತೆ ಸಿಗುತ್ತಿರಲಿಲ್ಲ, ಆಗ ಕಂಪನಿಯೋ ಎಲ್‌ಎಲ್‌ಪಿಯೋ (ಸೀಮಿತ ಹೊಣೆಯ ಪಾಲುದಾರಿಕೆ) ನೋಂದಾಯಿತ ಪಾಲುದಾರಿಕೆಯೋ ಆಗಬೇಕಿತ್ತು. ನಾವಿಬ್ಬರು ಇದ್ದುದರಿಂದ ಎಲ್‌ಎಲ್‌ಪಿ ಮಾಡಿದೆವು. ಜಿಎಸ್‌ಟಿಗೆ ತುಂಬ ಹೆದರಿದ್ದೆ, ಗಡಿಯಾಚೆ ಕೆಲಸ ಮಾಡಿದರೆ ಏನೇನೋ ಅಂತ. ಕೊಯ್ಲು, ಬೆಳೆಗೆ ಮದ್ದು ಬಿಡುವುದು, ಇವೆಲ್ಲ ಕೃಷಿ ಸೇವೆ, ತೆರಿಗೆಯಿಂದ ಬಿಟ್ಟಿದ್ದಾರೆ ಅಂತ ಗೆಳೆಯ ಓದಿ ಹೇಳಿದ. ಒಂದು ರಾತ್ರಿಯ ನಿದ್ದೆ ವಾಪಸ್ ಸಿಕ್ಕಿತು.

ಇನ್ನೊಂದು ತರಬೇತಿಯಲ್ಲಿ ಒಂಬತ್ತು ಚೌಕದ ದೊಡ್ಡ ಹಾಳೆ ಕೊಟ್ಟು ತುಂಬಿಸಿ ಅಂದರು. ಗಿರಾಕಿ ಯಾರು, ಅವರಿಗೆ ಏನು ಕೊಡುತ್ತೀರಿ, ಹಣ ಎಲ್ಲಿಂದ ಬರುತ್ತದೆ, ಹೀಗೆ. ಸ್ಟಾರ್ಟಪ್‌ನವರೆಲ್ಲ ಇದನ್ನು ತುಂಬಿಸಿಯೇ ಇರುತ್ತಾರೆ. 'ಏನು ಕೊಡುತ್ತೀರಿ' ಅನ್ನುವಲ್ಲಿ ನಾವು 'ಆಧುನಿಕ ಸಿಂಪಡಣೆ ಸೇವೆ' ಅಂತ ಬರೆದೆವು. ಎಲ್ಲರೂ ತಲೆ ಆಡಿಸಿದರು. ಅದು ತಪ್ಪು ಅಂತ ಗೊತ್ತಾದದ್ದು 2023ರ ಮೇಯಲ್ಲಿ.

ಬಾಡಿಗೆ ಬಿಟ್ಟು ಆಗ ನಾವೇ ತಂಡ ಕಟ್ಟಿ ಹೋಗುತ್ತಿದ್ದೆವು. ಒಬ್ಬ ದೋಟಿಗಾರ, ಪೈಪ್ ಎಳೆಯಲು, ಮದ್ದು ಕಲಸಲು ಇಬ್ಬರು. ಡ್ರಮ್ಮಿಗೆ ಇಷ್ಟು ಅಂತ ಮಜೂರಿ. ಆ ವರ್ಷ ಮುಂಗಾರು ತಡ, ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ. ಮೇ 20ಕ್ಕೆ ಒಬ್ಬರು ಫೋನ್ ಮಾಡಿ, "ನೀವು ಯಾವತ್ತು ಬರ್ತೀರಿ? ಒಂದು ತಾರೀಖು ಹೇಳಿ" ಅಂದರು. ನೋಡೋಣ ಅಂದೆ. "ನೋಡೋಣ ಅಂತ ಎಲ್ಲರೂ ಹೇಳ್ತಾರೆ. ತಾರೀಖು ಹೇಳಿದ್ರೆ ನೂರು ರೂಪಾಯಿ ಜಾಸ್ತಿ ತಗೊಳ್ಳಿ." ಅದೇ ದಿನ ಇನ್ನೊಬ್ಬರು. ಮೂರನೆಯವರು ಹೆಂಗಸು, ಗಂಡ ಗಲ್ಫಿನಲ್ಲಿ. "ಅಣ್ಣಾ, ಮೈಲುತುತ್ತು ತಂದು ಇಟ್ಟಾಗಿದೆ. ನೀವು ಬರುವ ದಿನ ಗೊತ್ತಾದ್ರೆ ಹಿಂದಿನ ದಿನ ಸುಣ್ಣ ತರಿಸ್ತೇನೆ, ಮಗನಿಗೆ ರಜೆ ಹಾಕಿಸ್ತೇನೆ. ಗೊತ್ತಾಗದೆ ಹದಿನೈದು ದಿನದಿಂದ ನಾನು ತವರಿಗೆ ಹೋಗಿಲ್ಲ."

ಆ ರಾತ್ರಿ ಗೆಳೆಯನಿಗೆ ಹೇಳಿದೆ, ಇವರು ದೋಟಿಗೂ ಹಣ ಕೊಡುತ್ತಿಲ್ಲ, ಮದ್ದಿಗೂ ಅಲ್ಲ, ತಾರೀಖಿಗೆ ಕೊಡುತ್ತಾರೆ. ಅವನು ಒಂಬತ್ತು ಚೌಕದ ಹಾಳೆ ಹುಡುಕಿ ತಂದು 'ಆಧುನಿಕ ಸಿಂಪಡಣೆ ಸೇವೆ' ಹೊಡೆದು ಹಾಕಿ ಮೇಲೆ 'ತಾರೀಖು' ಅಂತ ಬರೆದ. ಅಲ್ಲಿಂದ ಉಳಿದ ಎಂಟು ಚೌಕಗಳೂ ಬದಲಾಗಲೇಬೇಕಾಯಿತು.

ತಾರೀಖು ಕೊಡಬೇಕಾದರೆ ಒಂದು ತೋಟಕ್ಕೆ ಎಷ್ಟು ಹೊತ್ತು ಬೇಕು ಅಂತ ಮೊದಲೇ ಗೊತ್ತಿರಬೇಕು. ಡ್ರಮ್ಮಿನ ಲೆಕ್ಕ ಬಿಟ್ಟು ಮರದ ಲೆಕ್ಕಕ್ಕೆ ಬಂದೆವು. ವರ್ಷಕ್ಕೆ ಎರಡು ಸಲದ ಮದ್ದಿಗೆ ಮರವೊಂದಕ್ಕೆ 36 ರೂಪಾಯಿ, ಮೈಲುತುತ್ತು ಸುಣ್ಣ ತೋಟದವರದ್ದು. ಒಂದು ತಂಡ ದಿನಕ್ಕೆ 275 ಮರದ ಹತ್ತಿರ ಮುಗಿಸುತ್ತದೆ. ಆದರೆ ತಮ್ಮ ತೋಟದಲ್ಲಿ ಎಷ್ಟು ಮರ ಇದೆ ಅಂತ ಸರಿಯಾಗಿ ತಿಳಿದವರು ಕಡಿಮೆ ಮಾರಾಯ್ರೆ! ಎರಡು ಎಕರೆ ಅನ್ನುತ್ತಾರೆ. ಪುಸ್ತಕದ ಪ್ರಕಾರ 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ 550 ಮರ ಹಿಡಿಯಬೇಕು. ಹಳೆಯ ತೋಟದಲ್ಲಿ ಅಜ್ಜ ನೆಟ್ಟ ಸಾಲು, ಅಪ್ಪ ನಡುವೆ ತೂರಿಸಿದ ಸಸಿ, ಸತ್ತ ಮರದ ಜಾಗದಲ್ಲಿ ಕೊಕ್ಕೋ. ಹಾಗಾಗಿ ಏಪ್ರಿಲ್ ಪೂರ್ತಿ ಎಣಿಸುವ ಕೆಲಸ. ಸುಣ್ಣದ ನೀರಿನ ಡಬ್ಬಿ ಹಿಡಿದು, ಎಣಿಸಿದ ಮರಕ್ಕೊಂದು ಗೆರೆ ಎಳೆದುಕೊಂಡು ಹೋಗುವುದು. ಮನೆಯವರೂ ಜೊತೆಗೆ ಬರಬೇಕು ಅಂತ ಷರತ್ತು. ಇಲ್ಲದಿದ್ದರೆ ಜೂನ್‌ನಲ್ಲಿ ಜಗಳ.

ಮತ್ತೊಂದು, ಒಂಟಿ ತೋಟ ತೆಗೆದುಕೊಳ್ಳುವುದಿಲ್ಲ. ಪಂಪ್, ಪೈಪ್, ಡ್ರಮ್ಮು ಹೊತ್ತ ಜೀಪು ಒಂದು ಬಯಲಿಗೆ ಇಳಿದರೆ ಆ ಬಯಲು ಮುಗಿಸಿಯೇ ಹತ್ತಬೇಕು. ಕನಿಷ್ಠ ನಾಲ್ಕು ಮನೆ ಸೇರಿದರೆ ಮಾತ್ರ ತಾರೀಖು. ಇದರಿಂದ ನಮಗೆ ಜಾಹೀರಾತಿನ ಖರ್ಚೇ ಇಲ್ಲದಂತಾಯಿತು. ನಾಲ್ಕನೇ ಮನೆಯನ್ನು ಹುಡುಕುವುದು ಮೊದಲ ಮೂರು ಮನೆಯವರ ಕೆಲಸ. ಮಾತು ಬಿಟ್ಟ ಅಣ್ಣತಮ್ಮಂದಿರು ಒಂದು ಬಯಲಿನಲ್ಲಿದ್ದರು. ಮದ್ದಿನ ಹೆಸರಿನಲ್ಲಿ ಬೇಲಿಯ ಹತ್ತಿರ ನಿಂತು ಎರಡು ಮಾತಾಡಿದರು. ಅದರಾಚೆ ಏನೂ ಆಗಲಿಲ್ಲ, ಈಗಲೂ ಮಾತಿಲ್ಲ. ಆದರೆ ತಾರೀಖು ಒಟ್ಟಿಗೇ.

ನಂಬಿಕೆಯ ವಿಷಯ ಒಂದು ಚೂರಿಯಿಂದ ಪರಿಹಾರವಾಯಿತು. ಕೂಲಿಯವರು ಮದ್ದು ನೀರು ಮಾಡುತ್ತಾರೆ, ಸುಣ್ಣ ಕಡಿಮೆ ಹಾಕುತ್ತಾರೆ ಅಂತ ತೋಟದವರಿಗೆ ಸದಾ ಸಂಶಯ. ಒಂದು ಕಿಲೋ ಮೈಲುತುತ್ತು ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೈವತ್ತು ಲೀಟರಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಸುತ್ತಾ ಹೊಯ್ಯಬೇಕು. ಆಮೇಲೆ ಉಜ್ಜಿದ ಕಬ್ಬಿಣದ ಚೂರಿ ಅದ್ದಿ ನೋಡಬೇಕು. ತೆಗೆದಾಗ ಕೆಂಪಗೆ ತಾಮ್ರ ಹಿಡಿದಿದ್ದರೆ ಸುಣ್ಣ ಸಾಲದು, ಇನ್ನೂ ಹಾಕಬೇಕು. ಬೆಳ್ಳಗೆ ಹಾಗೇ ಬಂದರೆ ಸರಿ. ಈ ಚೂರಿಯನ್ನು ನಾವು ಮನೆಯವರ ಕೈಗೇ ಕೊಡುತ್ತೇವೆ. ಅವರು ಅದ್ದಿ ನೋಡಿ ಹೂಂ ಅಂದ ಮೇಲೆ ಪಂಪು ಚಾಲು. ಎರಡು ನಿಮಿಷದ ಈ ಕೆಲಸ ಶುರು ಮಾಡಿದ ಮೇಲೆ 'ಮದ್ದು ಸರಿ ಇರಲಿಲ್ಲ' ಅನ್ನುವ ಫೋನು ಬರುವುದು ನಿಂತಿತು.

ಹಣದ್ದು ಮಾತ್ರ ನಮ್ಮ ಕೈಯಲ್ಲಿರಲಿಲ್ಲ, ಅಡಿಕೆಯ ಧಾರಣೆಯ ಕೈಯಲ್ಲಿತ್ತು. ಹಣ್ಣಡಿಕೆಯನ್ನು ಬಿಸಿಲಲ್ಲಿ ಒಣಗಿಸಿ ಸುಲಿದು ಚಾಲಿ ಮಾಡಿ ಇಟ್ಟುಕೊಂಡವರು ಬೆಲೆ ಏರಲಿ ಅಂತ ಕಾಯುತ್ತಾರೆ. ಅಟ್ಟದಲ್ಲಿ ಗೋಣಿ ಇದೆ, ಕಿಸೆಯಲ್ಲಿ ಹಣ ಇಲ್ಲ. 'ಅಡಿಕೆ ಕೊಟ್ಟ ಮೇಲೆ ಕೊಡ್ತೇನೆ' ಅನ್ನುವುದು ಮೋಸದ ಮಾತಲ್ಲ, ಅವರ ಮನೆ ನಡೆಯುವುದೇ ಹಾಗೆ. ಆದರೆ ನಾನು ಪ್ರತಿ ಶನಿವಾರ ಮಜೂರಿ ಕೊಡಬೇಕಲ್ವಾ? 2023ರಲ್ಲಿ ಮೂರು ತಿಂಗಳ ಬಾಕಿಗೆ ಗೆಳೆಯನ ಹೆಂಡತಿಯ ಬಳೆ ಬ್ಯಾಂಕಿಗೆ ಹೋಯಿತು. ಈಗ ಮರ ಎಣಿಸಿದ ದಿನ ಮೂರರಲ್ಲಿ ಒಂದು ಪಾಲು, ಮೇಯಲ್ಲಿ ಒಂದು, ಎರಡನೇ ಮದ್ದಿನ ಮೇಲೆ ಒಂದು. ಒಬ್ಬರು ಮಾತ್ರ ಮೊದಲ ಕಂತಿಗೆ ಹಣದ ಬದಲು ಚಾಲಿಯ ಒಂದು ಗೋಣಿಯನ್ನೇ ಆಫೀಸಿಗೆ ಹೊತ್ತು ತಂದರು. ತಗೊಂಡೆವು. ಮುಂದಿನ ವಾರ ಧಾರಣೆ ಏರಿತು. ಅವರು ಈಗಲೂ ಕಂಡಾಗಲೆಲ್ಲ ಆ ಗೋಣಿಯ ಮಾತು ತೆಗೆಯುತ್ತಾರೆ.

ದೋಟಿ ಮುರಿಯುವುದಕ್ಕೆ ಮದ್ದು ಕಂಡುಹಿಡಿದದ್ದು ನಾವಲ್ಲ, ನಮ್ಮ ಮೊದಲ ದೋಟಿಗಾರ. ಮುಳ್ಳೇರಿಯ ಕಡೆಯ ಹುಡುಗ, ಮೊದಲು ಬಸ್ಸಿನಲ್ಲಿ ಕ್ಲೀನರ್ ಆಗಿದ್ದವನು. "ದೋಟಿ ನನ್ನದೇ ಆದರೆ ನಾನು ಅದನ್ನು ಹಾಸಿಗೆಯಲ್ಲಿ ಮಲಗಿಸ್ತೇನೆ" ಅಂದ. ಸರಿ, ನಿನ್ನದೇ ಅಂದೆವು. ವಾರದ ಮಜೂರಿಯಲ್ಲಿ ಸ್ವಲ್ಪ ಸ್ವಲ್ಪ ಹಿಡಿದು ಎರಡು ವರ್ಷದಲ್ಲಿ ದೋಟಿ ಅವನ ಹೆಸರಿಗೆ. ಹಾಸಿಗೆಯಲ್ಲಿ ಮಲಗಿಸಿದನೋ ಗೊತ್ತಿಲ್ಲ. ಅವನ ಹೆಂಡತಿ ಹಳೆಯ ಸೀರೆಯಲ್ಲಿ ಉದ್ದದ ಚೀಲ ಹೊಲಿದು ಕೊಟ್ಟಿದ್ದಾಳೆ, ಅದನ್ನು ನಾನೇ ನೋಡಿದ್ದೇನೆ. ಆಮೇಲೆ ಎಲ್ಲ ದೋಟಿಗಳೂ ಹೀಗೆಯೇ. ಒಂದೂ ಮುರಿದಿಲ್ಲ. ಕೊಯ್ಲಿನ ಕಾಲದಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಅದೇ ದೋಟಿಗೆ ಕತ್ತಿ ಕಟ್ಟಿ ಕೊನೆ ತೆಗೆಯುತ್ತಾರೆ, ಹೆಕ್ಕುವ ಕೆಲಸ ತಪ್ಪಲಿ ಅಂತ ಕೆಳಗೆ ಬಲೆ ಹಿಡಿಯುತ್ತಾರೆ. ಹಾಗಾಗಿ ವರ್ಷದಲ್ಲಿ ಒಂಬತ್ತು ತಿಂಗಳು ಕೈಗೆ ಕೆಲಸ ಉಂಟು.

2024 ಚೆನ್ನಾಗಿ ಹೋಯಿತು. 2025ಕ್ಕೆ ಒಂಬತ್ತು ಬಯಲು, 41 ತೋಟ, ನಾಲ್ಕು ತಂಡ. ಮೇ 8ಕ್ಕೆ ಶುರು ಮಾಡಿದರೆ ತಿಂಗಳ ಕೊನೆಗೆ ಮುಗಿಯಬೇಕು. ಇನ್ನೂ ಬೇಗ ಶುರು ಮಾಡಬಹುದಿತ್ತು, ಆದರೆ ಬೇಗ ಬಿಟ್ಟ ಮದ್ದು ಬೇಗ ಮುಗಿಯುತ್ತದೆ, ಎರಡನೆಯದನ್ನೂ ಅಷ್ಟೇ ಬೇಗ ಬಿಡಬೇಕಾಗುತ್ತದೆ. ಜೂನ್ 1 ಅಲ್ವಾ ಮುಂಗಾರಿನ ಲೆಕ್ಕ, ಅದನ್ನು ನಂಬಿದೆವು. ಆ ವರ್ಷ ಅದು ಮೇ 24ಕ್ಕೇ ಬಂತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು.

ಮೂರು ಬಯಲು, ಹನ್ನೊಂದು ತೋಟ ಬಾಕಿ. ತಾರೀಖು ಕೊಟ್ಟು, ಮುಂಗಡ ತಗೊಂಡು ಆಗಿದೆ. ಹನ್ನೆರಡು ದಿನ ಮಳೆ ಬಿಡುವ ಹೊಳವಿಗೆ ಕಾದೆವು. ಆಕಾಶ ಸ್ವಲ್ಪ ಬೆಳ್ಳಗಾದರೆ ಓಡುವುದು, ಡ್ರಮ್ಮು ಕಲಸುವಾಗ ಮತ್ತೆ ಸುರಿಯುವುದು. ಕಲಸಿದ ಮದ್ದು ನಾಳೆಗೆ ಆಗುವುದಿಲ್ಲ, ಚೆಲ್ಲಬೇಕು. ಮದ್ದಿಗೆ ಅಂಟು ಸೇರಿಸಿದೆವು. ಏಳು ತೋಟ ಹೇಗೋ ಆಯಿತು. ನಾಲ್ಕು ಆಗಲಿಲ್ಲ.

ಜುಲೈಯಲ್ಲಿ ಒಂದು ಬೆಳಿಗ್ಗೆ ಆ ನಾಲ್ವರಲ್ಲಿ ಒಬ್ಬರು, ಎಪ್ಪತ್ತು ದಾಟಿದವರು, ಮೆಟ್ಟಿಲು ಹತ್ತಿ ಬಂದರು. ಕೊಡೆ ಮೂಲೆಯಲ್ಲಿ ನಿಲ್ಲಿಸಿದರು. ಕೈಯಲ್ಲಿ ಒಂದು ಗೋಣಿಚೀಲ. ಏನೂ ಹೇಳದೆ ಅದನ್ನು ನನ್ನ ಮೇಜಿನ ಮೇಲೆ ಬೋರಲು ಹಾಕಿದರು. ಹಸಿರು ಅಡಿಕೆ, ಬುಡದಲ್ಲಿ ಕಪ್ಪು ಕಲೆ, ಕೆಲವಕ್ಕೆ ಬಿಳಿ ಬೂಸಲು. ಲ್ಯಾಪ್‌ಟಾಪಿನ ಮೇಲೆ, ನೆಲದ ಮೇಲೆ ಉರುಳಿದವು. "ಮರ ಎಣಿಸಿದ್ರಲ್ಲ, ಇದನ್ನೂ ಎಣಿಸಿ" ಅಂದರು.

ಕೂತುಕೊಳ್ಳಿ ಮಾವ ಅಂದೆ. ಕೂರಲಿಲ್ಲ. ಮುಂಗಡ ವಾಪಸ್ ಕೊಟ್ಟೆವು, ಅದರ ಮೇಲೆ ಅಷ್ಟೇ ಹಣ ಮತ್ತೆ ಸೇರಿಸಿ ನಾಲ್ವರಿಗೂ ಕೊಟ್ಟೆವು. ಆ ವರ್ಷದ ಲಾಭ ಅಲ್ಲಿಗೆ ಮುಗಿಯಿತು. ಹೊಸ ಕರಾರಿನಲ್ಲಿ ಎರಡು ಸಾಲು ಸೇರಿಸಿದೆವು. ಈ ವರ್ಷ ಕೊನೆಯಲ್ಲಿದ್ದ ಬಯಲು ಮುಂದಿನ ವರ್ಷ ಮೊದಲು. ಹೇಳಿದ ತಾರೀಖಿನ ಮೇಲೆ ಪ್ರತಿ ದಿನ ತಡವಾದರೆ ನಮ್ಮ ಹಣದಲ್ಲಿ ಇಷ್ಟು ಕಡಿತ. ಮತ್ತೆ ಮೇ ಮೂರನೇ ವಾರದಿಂದ ಒಂದು ತಂಡಕ್ಕೆ ತಾರೀಖನ್ನೇ ಕೊಡುವುದಿಲ್ಲ, ಸುಮ್ನೆ ಕೂರಿಸಿ ಮಜೂರಿ ಕೊಡುತ್ತೇವೆ, ಮಳೆ ಅವಸರ ಮಾಡಿದರೆ ಇರಲಿ ಅಂತ. ಇದನ್ನು ಗೆಳೆಯ ಇನ್ನೂ ಒಪ್ಪಿಲ್ಲ. ಕೂತ ತಂಡದ ಖರ್ಚನ್ನು ಅವನು ತನ್ನ ಪುಸ್ತಕದಲ್ಲಿ 'ಮಾವನ ಗೋಣಿ' ಅಂತ ಬರೆಯುತ್ತಾನೆ.

ಗಡಿಯಾಚೆಯಿಂದಲೂ ಕರೆಯುತ್ತಿದ್ದಾರೆ, ಅಡ್ಯನಡ್ಕ, ವಿಟ್ಲದ ಕಡೆಯಿಂದ. ಹೋಗುವುದೋ ಬೇಡವೋ ಅಂತ ನಾವು ಗಡಿ, ಪರವಾನಗಿ, ಜೀಪಿನ ತೆರಿಗೆ ಅಂತ ಚರ್ಚೆ ಮಾಡುವಾಗ ಅಪ್ಪ ಒಳಗಿನಿಂದ ಹೇಳಿದರು, "ಅಡಿಕೆ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೋ ಶುರುವಾದದ್ದು 73ರಲ್ಲಿ. ಎರಡು ರಾಜ್ಯಕ್ಕೂ ಸೇರಿ ಒಂದೇ. ಧಾರಣೆ ಬಿದ್ದಾಗ ಗಡಿ ನೋಡ್ಲಿಲ್ಲ, ಒಟ್ಟಾದ್ರು. ಆಮೇಲೆ ಕೊಕ್ಕೋ ಬಿದ್ದಿತು, ಪುತ್ತೂರಿನಲ್ಲಿ ಚಾಕೊಲೇಟೇ ಮಾಡಿದ್ರು. ನೀವು ಜೀಪಿನ ತೆರಿಗೆ ಮಾತಾಡಿ." ಅಪ್ಪನಿಗೆ ಸ್ಟಾರ್ಟಪ್ ಅನ್ನುವ ಶಬ್ದ ಇವತ್ತಿಗೂ ಬಾಯಿಗೆ ಹಿಡಿಯುವುದಿಲ್ಲ. ಸಾಲದ ನೆನಪು ಮಾತ್ರ ಚೆನ್ನಾಗಿದೆ.

ಈ ಬರಹ ಅರ್ಧ ಆಗಿದ್ದಾಗ ಮುಳ್ಳೇರಿಯದ ಆ ಹುಡುಗನ ಫೋನು ಬಂತು. ಅವನ ದೋಟಿಯ ಕಂತು ಕಳೆದ ವರ್ಷವೇ ತೀರಿದೆ. ಆಮೇಲೆ ಅವನು ನಮ್ಮನ್ನು ಬಿಟ್ಟು, ತಮ್ಮನನ್ನೂ ಇನ್ನಿಬ್ಬರನ್ನೂ ಸೇರಿಸಿ ತನ್ನದೇ ತಂಡ ಮಾಡಿದ್ದ. ಗೆಳೆಯ ಆಗ ನನಗೆ ಬೈದಿದ್ದ, ದೋಟಿ ಕೊಟ್ಟು ಎದುರಾಳಿ ಸಾಕಿದ್ದು ನೀನೇ ಅಂತ. ಬೈದದ್ದರಲ್ಲಿ ನ್ಯಾಯ ಇತ್ತು.

"ಅಣ್ಣಾ, ಕೆಲಸ ಬೇಕಾದಷ್ಟು ಉಂಟು. ಆದ್ರೆ ಎಲ್ಲರೂ ತಾರೀಖು ಕೇಳ್ತಾರೆ. ಯಾರಿಗೆ ಯಾವತ್ತು ಹೇಳಿದ್ದೆ ಅಂತ ನನಗೇ ನೆನಪಿರುವುದಿಲ್ಲ, ಒಂದೇ ದಿನ ಮೂರು ಕಡೆ ಬರ್ತೇನೆ ಅಂದಿದ್ದೇನೆ. ಆ ಬೋರ್ಡಿನಲ್ಲಿ ನನಗೂ ಒಂದು ಸಾಲು ಕೊಡ್ಬಹುದಾ? ಮರಕ್ಕೆ ಎರಡು ರೂಪಾಯಿ ನಿಮಗೆ ಕೊಡ್ತೇನೆ."

ಗೆಳೆಯನ ಮುಖ ನೋಡಿದೆ. ಅವನು ಆಗಲೇ ಕ್ಯಾಲ್ಕುಲೇಟರ್ ಒತ್ತುತ್ತಿದ್ದ. ಬೋರ್ಡಿನಲ್ಲಿ ನಮ್ಮ ನಾಲ್ಕು ತಂಡಗಳು ನೀಲಿಯಲ್ಲಿವೆ. ಎಚ್ಚರಿಕೆಯ ಕೆಂಪು ಬಿಟ್ಟರೆ ಬೇರೆ ಬಣ್ಣ ಇರಲಿಲ್ಲ. ಕೆಳಗೆ ಗೊಬ್ಬರದಂಗಡಿಗೆ ಇಳಿದು ಅವರು ಬಿಲ್ಲಿಗೆ ಗುರುತು ಹಾಕುವ ಹಸಿರು ಪೆನ್ನು ಕೇಳಿ ತಂದೆ.